ಬೀರು ತುಂಬಾ ಬಟ್ಟೆ, ಹಾಕೋಕೆ ಮಾತ್ರ ಏನೂ ಇಲ್ಲ: ತುಮಕೂರಿನ ತಾಯಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಡಬ್ಬಿ ಕಟ್ಟಿ, ಮಕ್ಕಳನ್ನು ಸ್ಕೂಲ್ ವ್ಯಾನ್ ಹತ್ತಿಸಿ, ಆಮೇಲೆ ತಾವೂ ಆಫೀಸಿಗೋ ಶಾಲೆಗೋ ಬೆಂಗಳೂರಿನ ರೈಲಿಗೋ ಓಡುವವರ ಪ್ರಶ್ನೆಗಳಿವು. ಉತ್ತರಗಳಲ್ಲಿ ಫ್ಯಾಷನ್ ಕಡಿಮೆ. ಒಗೆತ, ಅಳತೆ, ಹೊಲಿಗೆ ಜಾಸ್ತಿ. ಯಾರಿಗೆ ಎಷ್ಟು ಬಟ್ಟೆ ಬೇಕು ಎನ್ನುವುದು ಒಗೆಯುವ ಕಲ್ಲಿನ ಹತ್ತಿರ ತೀರ್ಮಾನವಾಗುವ ಸಂಗತಿ ಎಂದು ನಂಬಿ ಬರೆದದ್ದು.

ದಿನಬಳಕೆಗೆ ಎಷ್ಟು ಜೊತೆ ಇದ್ದರೆ ಸಾಕು?

ಮೊದಲು ನಿಮ್ಮ ಮನೆಯಲ್ಲಿ ವಾರಕ್ಕೆ ಎಷ್ಟು ಸಲ ಬಟ್ಟೆ ಒಗೆಯುತ್ತೀರಿ ಹೇಳಿ. ಬುಧವಾರ ಮತ್ತು ಭಾನುವಾರ ಎಂದುಕೊಳ್ಳೋಣ. ಎರಡು ಒಗೆತದ ನಡುವಿನ ದೊಡ್ಡ ಅಂತರ 4 ದಿನ, ಅಂದರೆ 4 ಕುರ್ತಾ ಕೊಳೆ ಬುಟ್ಟಿಯಲ್ಲಿ. ಅವು ಒಣಗುವ ದಿನಕ್ಕೆ 1, ಇಸ್ತ್ರಿ ಅಂಗಡಿಯಲ್ಲಿ ಕೂತಿರುವುದು 1, ಮಗು ಮೈಮೇಲೆ ಸಾರು ಚೆಲ್ಲಿದ ದಿನಕ್ಕೆ 1. ಒಟ್ಟು 7. ಪ್ಯಾಂಟು ಎರಡು ದಿನ ಹಾಕಬಹುದು, ಹಾಗಾಗಿ 4 ಸಾಕು.

ನಲ್ಲಿಯಲ್ಲಿ ಬುಗುಡನಹಳ್ಳಿ ಕೆರೆಯ ನೀರು ಬಂದ ದಿನ ಮಾತ್ರ ಒಗೆಯುವ ಮನೆಯಾದರೆ ಆ ಅಂತರವನ್ನೇ ಲೆಕ್ಕಕ್ಕೆ ಹಿಡಿಯಿರಿ. ವಾರಕ್ಕೊಮ್ಮೆ ಒಗೆತವಿದ್ದರೆ 10 ಕುರ್ತಾ ಬೇಕಾಗುತ್ತದೆ. ದಿನಾ ವಾಷಿಂಗ್ ಮಷಿನ್ ಓಡುವ ಮನೆಗೆ 4 ಸಾಕು. ಜಡಿಮಳೆ ಹಿಡಿದ ವಾರಗಳಿಗೆ ಒಂದು ಹೆಚ್ಚಿರಲಿ. ಇದಕ್ಕಿಂತ ಜಾಸ್ತಿ ಇದ್ದರೆ ತಪ್ಪೇನಲ್ಲ, ಆದರೆ ಅವು ಬೀರುವಿನ ತಳ ಸೇರಿ, ಮಡಿಕೆಯ ಗೆರೆಯಲ್ಲೇ ಬಣ್ಣ ಹೋಗಿ ಹಳತಾಗುತ್ತವೆ.

ಬೀರು ತೆಗೆದರೆ ತಲೆ ತಿರುಗುತ್ತೆ. ಎಲ್ಲಿಂದ ಶುರು ಮಾಡೋದು?

ಎಲ್ಲವನ್ನೂ ಒಂದೇ ದಿನ ಮಂಚದ ಮೇಲೆ ಸುರಿಯಬೇಡಿ. ಮಕ್ಕಳು ಸ್ಕೂಲಿಂದ ಬರುವ ಹೊತ್ತಿಗೆ ಅದು ಮುಗಿದಿರುವುದಿಲ್ಲ, ಎಲ್ಲವನ್ನೂ ತುರುಕಿ ಬಾಗಿಲು ಒತ್ತಬೇಕಾಗುತ್ತದೆ. ಒಂದು ಖಾನೆ ಖಾಲಿ ಮಾಡಿ. ಮುಂದಿನ ಎರಡು ವಾರ, ಹಾಕಿ ಒಗೆದ ಬಟ್ಟೆಯನ್ನೆಲ್ಲ ಆ ಖಾನೆಗೆ ಮಾತ್ರ ಇಡಿ. ಹದಿನೈದನೇ ದಿನ ಅಲ್ಲಿ ಏನಿದೆಯೋ ಅದೇ ನಿಮ್ಮ ನಿಜವಾದ ಬಟ್ಟೆ.

ಉಳಿದವನ್ನು ಆಮೇಲೆ ನೋಡಿ. ಹಾಕದೇ ಇರುವುದಕ್ಕೆ ಕಾರಣ ಸಾಮಾನ್ಯವಾಗಿ ಸಣ್ಣದು: ಹುಕ್ ಕಿತ್ತಿರುತ್ತದೆ, ತೋಳು ಬಿಗಿ, ಜೊತೆಗೆ ಹಾಕಲು ಪ್ಯಾಂಟಿಲ್ಲ, ಲೈನಿಂಗ್ ಇಲ್ಲದೆ ಮೈ ಕಾಣುತ್ತದೆ. ಇವು ಟೈಲರ್ ಹತ್ತಿರ ಒಂದು ಚೀಲದಲ್ಲಿ ಹೋಗಲಿ. ಎರಡು ವರ್ಷದಿಂದ ಮೈಗೆ ಹತ್ತದ್ದು, ಕಂಕುಳಲ್ಲಿ ಬಟ್ಟೆ ಸವೆದದ್ದು ಇನ್ನು ಬೇಡ.

ಎಲ್ಲದಕ್ಕೂ ಎಲ್ಲ ಮ್ಯಾಚ್ ಆಗಬೇಕು ಅಂದರೆ ಯಾವ ಬಣ್ಣ?

ಪ್ಯಾಂಟಿನ ಬಣ್ಣ ಮೊದಲು, ಕುರ್ತಾ ಆಮೇಲೆ. ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಚೆಂದದ ಕುರ್ತಾ ಕಣ್ಣಿಗೆ ಬಿತ್ತು, ಕೊಂಡರು, ಅದಕ್ಕೆ ಸರಿಹೊಂದುವ ಲೆಗ್ಗಿಂಗ್ಸ್‌ಗೆ ಮತ್ತೆ ಎಂ.ಜಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದರು.

4 ಪ್ಯಾಂಟು ಹೀಗಿರಲಿ: ನೇವಿ ನೀಲಿ, ಕಾಫಿ ಕಂದು, ಕಪ್ಪು, ಮಾಸಲು ಬಿಸ್ಕತ್ ಬಣ್ಣ. ಅಚ್ಚ ಬಿಳಿ ಬೇಡ. ನಮ್ಮ ಕೆಂಪು ಮಣ್ಣಿನ ಧೂಳು ಪ್ಯಾಂಟಿನ ಕಾಲಂಚಿಗೆ ಹಿಡಿದರೆ ಕಂದು ಗೆರೆ ಹಾಗೇ ಉಳಿಯುತ್ತದೆ. ಹೊಸ ಕುರ್ತಾ ಈ ನಾಲ್ಕರಲ್ಲಿ ಮೂರಕ್ಕಾದರೂ ಹೊಂದಬೇಕು. ಹೊಂದದಿದ್ದರೆ ಎಷ್ಟೇ ಚೆಂದವಿದ್ದರೂ ಅಂಗಡಿಯಲ್ಲೇ ಇರಲಿ. 7 ಕುರ್ತಾ ಇದ್ದು ಪ್ರತಿಯೊಂದೂ 3 ಪ್ಯಾಂಟಿಗೆ ಹೊಂದಿದರೆ 21 ಜೊತೆಯಾಯಿತು. 7ರಲ್ಲಿ 4 ಪ್ರಿಂಟ್, 3 ಪ್ಲೇನ್ ಇಟ್ಟುಕೊಳ್ಳಿ. ಪ್ರಿಂಟ್‌ನಲ್ಲಿ ಸಣ್ಣ ಹೂವು, ಸಣ್ಣ ಬುಟ್ಟಾ ಒಳ್ಳೆಯದು, ಸಾಸಿವೆ ಒಗ್ಗರಣೆ ಸಿಡಿದರೂ ಸಂಜೆವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ದುಪಟ್ಟಾ 3 ಸಾಕು. ಒಂದು ಪ್ಲೇನ್ ಮರೂನ್, ಒಂದು ಬಿಸ್ಕತ್ ಬಣ್ಣದ್ದು, ಒಂದು ಬಹುಬಣ್ಣದ ಪ್ರಿಂಟ್.

ಕಾಟನ್ ಒಳ್ಳೇದಾ, ರೇಯಾನಾ? ಅಂಗಡಿಯವರು ಎಲ್ಲಾನೂ ‘ಪ್ಯೂರ್ ಕಾಟನ್ ಮೇಡಂ’ ಅಂತಾರೆ.

ಏಪ್ರಿಲ್‌ ಬಿಸಿಲಿಗೆ ಕಾಟನ್‌ಗೆ ಸಮ ಯಾವುದೂ ಇಲ್ಲ. ಬೆವರು ಹೀರುತ್ತದೆ. ಅದರ ತೊಂದರೆ ಎರಡು: ಸುಕ್ಕು ಮತ್ತು ಕುಗ್ಗುವಿಕೆ. ಮೊದಲ ಒಗೆತದಲ್ಲಿ ಕಾಟನ್ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ. 42 ಇಂಚಿನ ಕುರ್ತಾ ಒಂದೂಕಾಲರಿಂದ ಎರಡು ಇಂಚು ಗಿಡ್ಡವಾಗುತ್ತದೆ ಎಂದಾಯಿತು.

ರೇಯಾನ್ ಮೈಮೇಲೆ ಸೊಗಸಾಗಿ ಇಳಿಬೀಳುತ್ತದೆ, ಬೆವರನ್ನೂ ಹೀರುತ್ತದೆ. ಆದರೆ ಒದ್ದೆಯಾದಾಗ ಅದರ ಗಟ್ಟಿತನ ಅರ್ಧದಷ್ಟು ಇಳಿದುಹೋಗುತ್ತದೆ. ಕಲ್ಲಿನ ಮೇಲೆ ಕುಕ್ಕಿ, ಬಲವಾಗಿ ಹಿಂಡಿ, ಭುಜ ಹಿಡಿದು ತಂತಿಗೆ ನೇತುಹಾಕಿದರೆ ನಾಲ್ಕೇ ತಿಂಗಳಲ್ಲಿ ಜೋತುಬಿದ್ದ ಚೀಲವಾಗುತ್ತದೆ. ರೇಯಾನ್ ಕೊಂಡರೆ ಕೈಯಲ್ಲಿ ಮೆತ್ತಗೆ ಒಗೆದು, ಹಿಂಡದೆ ನೀರು ಒತ್ತಿ ತೆಗೆದು, ತಂತಿಯ ಮೇಲೆ ಅರ್ಧಕ್ಕೆ ಮಡಚಿ ಒಣಗಿಸಿ. ಅಷ್ಟು ಪುರುಸೊತ್ತಿಲ್ಲದವರಿಗೆ ರೇಯಾನ್ ಸಹವಾಸ ಬೇಡ.

ಇಸ್ತ್ರಿಗೆ ಸಮಯವೇ ಇಲ್ಲದವರು ಕಾಟನ್ ಜೊತೆ ಪಾಲಿಯೆಸ್ಟರ್ ಬೆರೆತ ಬಟ್ಟೆಯ ಎರಡು ಕುರ್ತಾ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಅದು ಸೆಕೆ ಮಾಡುತ್ತದೆ, ಜೂನ್‌ನಿಂದ ಜನವರಿವರೆಗೆ ನಡೆಯುತ್ತದೆ.

ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಹೀಗೆ. ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ 10 ಸೆಕೆಂಡು ಹಿಂಡಿ ಬಿಡಿ. ಸುಕ್ಕು ಚೂಪಾಗಿ ನಿಂತರೆ ಕಾಟನ್ ಅಥವಾ ರೇಯಾನ್ ಪಾಲು ಜಾಸ್ತಿ. ತಕ್ಷಣ ಬಿಟ್ಟುಕೊಂಡರೆ ಪಾಲಿಯೆಸ್ಟರ್ ಬೆರೆತಿದೆ. ಒದ್ದೆ ಕರ್ಚೀಫಿನಿಂದ ಒಳಮಗ್ಗುಲನ್ನು ಉಜ್ಜಿ ಬಣ್ಣ ಬಿಡುತ್ತದಾ ನೋಡಿ. ಬೆಳಕಿಗೆ ಹಿಡಿದಾಗ ಬೆರಳು ಸ್ಪಷ್ಟವಾಗಿ ಕಂಡರೆ ಲೈನಿಂಗ್ ಖರ್ಚನ್ನೂ ಸೇರಿಸಿಕೊಳ್ಳಿ. ಪಕ್ಕದ ಹೊಲಿಗೆಯನ್ನು ಎರಡೂ ಕಡೆಗೆ ಎಳೆದಾಗ ನೂಲು ಹಲ್ಲು ಕಿರಿದರೆ ವಾಪಸ್ ಕೊಡಿ.

ರೆಡಿಮೇಡ್ ತಗೊಳ್ಳೋದಾ, ಹೊಲಿಸೋದಾ?

ಪ್ಯಾಂಟು, ಲೆಗ್ಗಿಂಗ್ಸ್ ರೆಡಿಮೇಡ್. ಕುರ್ತಾ ಹೊಲಿಸಿದರೆ ಲಾಭ, ಯಾಕೆಂದರೆ ಹೆರಿಗೆಯಾದ ಮೇಲೆ ಎದೆ ಒಂದು ಸೈಜು, ಸೊಂಟ ಇನ್ನೊಂದು ಸೈಜು ಆಗಿರುತ್ತದೆ. ರೆಡಿಮೇಡ್‌ನಲ್ಲಿ ಎರಡೂ ಕೂಡಿಬರುವುದು ಅಪರೂಪ.

44 ಇಂಚು ಅಗಲದ ಬಟ್ಟೆಯಾದರೆ ಮುಕ್ಕಾಲು ತೋಳಿನ ಕುರ್ತಾಗೆ 2.5 ಮೀಟರ್, ಸ್ಟ್ರೇಟ್ ಪ್ಯಾಂಟಿಗೆ 2ರಿಂದ 2.25 ಮೀಟರ್. ಬಟ್ಟೆಯನ್ನೂ ಲೈನಿಂಗನ್ನೂ ಟೈಲರ್‌ಗೆ ಕೊಡುವ ಮುಂಚೆ ಒಂದು ರಾತ್ರಿ ಬೇರೆ ಬೇರೆ ಬಕೆಟ್‌ನಲ್ಲಿ ನೆನೆಸಿ ಒಣಗಿಸಿ. ಮೇಲಿನ ಬಟ್ಟೆ ನೆನೆಸಿ ಲೈನಿಂಗ್ ನೆನೆಸದೆ ಕೊಟ್ಟಾಗಲೇ ಎಡವಟ್ಟಾಗುವುದು. ಮೊದಲ ಒಗೆತಕ್ಕೆ ಲೈನಿಂಗ್ ಕುಗ್ಗಿ ಕುರ್ತಾ ಕೆಳಗೆ ಸೊಟ್ಟಗೆ ಎಳೆಯುತ್ತದೆ, ಆಮೇಲೆ ಬಿಚ್ಚಿ ಹೊಲಿಯಲು ಯಾವ ಟೈಲರೂ ಒಪ್ಪುವುದಿಲ್ಲ.

ಟೈಲರ್‌ಗೆ ಬಾಯಲ್ಲಿ ಹೇಳಿ ಬಿಡಬೇಡಿ, ಚೀಟಿಯಲ್ಲಿ ಬರೆದುಕೊಡಿ: ಎರಡೂ ಪಕ್ಕ ಒಳಗೆ ಒಂದೂವರೆ ಇಂಚು ಮಾರ್ಜಿನ್ ಬಿಡಬೇಕು, ಕತ್ತರಿಸಬಾರದು, ಕೆಳಗೆ 2 ಇಂಚು ಮಡಿಕೆ, ಓವರ್‌ಲಾಕ್ ಕಡ್ಡಾಯ, ಬಲಗಡೆ ಜೇಬು.

ಜೇಬಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ‘ಕುರ್ತಾಗೆ ಜೇಬು ಬರಲ್ಲ ಮೇಡಂ’ ಎನ್ನುವ ಟೈಲರ್‌ಗಳ ತಕರಾರಿಗೆ ಕಾರಣ ಪಕ್ಕದ ಕಟ್. ಕಟ್ ಮೇಲಿನಿಂದಲೇ ಶುರುವಾದರೆ ಜೇಬಿಗೆ ಜಾಗ ಉಳಿಯುವುದಿಲ್ಲ. ಭುಜದಿಂದ 15 ಇಂಚಿಗೆ ಸೊಂಟ ಬರುವವರಿಗೆ ಜೇಬಿನ ಬಾಯಿ 15ನೇ ಇಂಚಿನಿಂದ 21ರವರೆಗೆ, ಕಟ್ 22ರಿಂದ ಎಂದು ಗುರುತು ಹಾಕಿಸಿ. ಜೇಬಿನ ಆಳ ಬಾಯಿಯ ಕೆಳತುದಿಯಿಂದ 4 ಇಂಚು ಇದ್ದರೆ ಫೋನು ಬೀಳುವುದಿಲ್ಲ. ಜೇಬಿನ ಚೀಲಕ್ಕೆ ಗಟ್ಟಿ ಕಾಟನ್ ಹಾಕಿಸಿ, ಬಾಯಿಯ ಎರಡೂ ತುದಿಗೆ ಎರಡು ಮೂರು ಸಲ ಮೇಲೆ ಮೇಲೆ ಹೊಲಿಗೆ ಓಡಿಸಲು ಹೇಳಿ. ಮಲ್ ಕಾಟನ್‌ನಂಥ ತೆಳು ಬಟ್ಟೆಗೆ ಜೇಬು ಬೇಡ, ಫೋನಿನ ಭಾರಕ್ಕೆ ಒಂದು ಪಕ್ಕ ಜಗ್ಗುತ್ತದೆ.

ಹೆರಿಗೆಯಾಗಿ ಮೂರು ತಿಂಗಳು. ಈಗಲೇ ಹೊಸ ಬಟ್ಟೆ ಹೊಲಿಸಲಾ?

ಕೂಡಲೇ ಬೇಕಾದ್ದು 3 ಹಾಲೂಡಿಸುವ ಕುರ್ತಾ ಮಾತ್ರ. ಮುಂದೆ ಗುಂಡಿ ಇರುವುದು ಅಥವಾ ಎದೆಯ ಎರಡೂ ಬದಿ ಮರೆಯಾಗಿ ಜಿಪ್ ಇರುವುದು. ಜಿಪ್ 7 ಇಂಚಿಗಿಂತ ಕಡಿಮೆಯಾದರೆ ಮಗುವಿನ ಮುಖಕ್ಕೆ ತಾಗುತ್ತದೆ. ಜಿಪ್ಪಿನ ಹಿಂದೆ ಬಟ್ಟೆ ಪಟ್ಟಿ ಇರಲೇಬೇಕು. ಹಳೇ ಕುರ್ತಾಗೂ ಟೈಲರ್ ಹತ್ತಿರ ಜಿಪ್ ಹಾಕಿಸಬಹುದು. ಕೆಳಗೆ ಎಲಾಸ್ಟಿಕ್ ಪ್ಯಾಂಟು. ಸಿಸೇರಿಯನ್ ಆದವರು ಎಲಾಸ್ಟಿಕ್ ಹೊಲಿಗೆಯ ಗಾಯದ ಮೇಲೆ ಕೂರದ ಹಾಗೆ ಹೊಕ್ಕಳ ಮಟ್ಟದ್ದು ಆರಿಸಿಕೊಳ್ಳಲಿ. ಬಾಕಿ ಬಟ್ಟೆಯ ಅಳತೆ ಮಗು ಊಟ ಕಲಿತ ಮೇಲೆ ಕೊಡಿ, ಅಲ್ಲಿಯವರೆಗೆ ಮೈ ಏರಿಳಿಯುತ್ತಲೇ ಇರುತ್ತದೆ.

ಶಾಲೆಯಲ್ಲಿ ಸೀರೆಯೇ ಕಡ್ಡಾಯ. ನನ್ನಂಥವರ ಲೆಕ್ಕ ಏನು?

ದಿನಬಳಕೆಗೆ 6 ಸೀರೆ, 4 ರವಿಕೆ. ಸೀರೆಗಿಂತ ರವಿಕೆ ಬೇಗ ಸವೆಯುತ್ತದೆ, ಅದೂ ಕಂಕುಳಲ್ಲಿ. ಪ್ರತಿ ಸೀರೆಗೂ ಅದರದೇ ರವಿಕೆ ಎಂಬ ಹಟ ಬಿಟ್ಟರೆ ಅರ್ಧ ಖರ್ಚು ಉಳಿಯಿತು. ಮರೂನ್, ಕಡು ಹಸಿರು, ಕಪ್ಪು, ತಿಳಿ ಚಿನ್ನದ ಬಣ್ಣ, ಈ ನಾಲ್ಕರಲ್ಲಿ ಯಾವುದಾದರೊಂದು ಹೆಚ್ಚಿನ ಸೀರೆಗೆ ಒಪ್ಪುತ್ತದೆ. ಕಪ್ಪು ಶಾಲೆಗೆ ಮಾತ್ರ. ಶುಭಕಾರ್ಯಕ್ಕೆ ಹಾಕಿಕೊಂಡು ಹೋದರೆ ಅತ್ತೆ ಕಣ್ಣು ಬಿಡುತ್ತಾರೆ.

ಕಾಟನ್ ಸೀರೆಗೆ ಫಾಲ್ ಹಚ್ಚಿಸುವ ಮುಂಚೆ ಫಾಲನ್ನು ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ. ಇಲ್ಲದಿದ್ದರೆ ಒಂದೇ ಒಗೆತಕ್ಕೆ ನೆರಿಗೆಯ ಅಂಚು ಸುರುಟಿಕೊಳ್ಳುತ್ತದೆ. ಗಂಜಿ ಹಾಕಿದ ಸೀರೆ ಉಟ್ಟಾಗ ಗತ್ತೇನೋ ಸರಿ, ಆದರೆ ದಿನಾ ಗಂಜಿ ಹಾಕಿ ಇಸ್ತ್ರಿ ಮಾಡಿಸಲು ಆಗುವುದಿಲ್ಲ. ಆರರಲ್ಲಿ ಎರಡು ಗಂಜಿಯವು, ನಾಲ್ಕು ಕಾಟನ್ ಬೆರಕೆಯವು ಇರಲಿ. ಭಾನುವಾರ ಸಂಜೆ ಎರಡು ಸೀರೆಗೆ ಸೆರಗಿನ ನೆರಿಗೆ ಹಿಡಿದು ಪಿನ್ ಮಾಡಿ ಹ್ಯಾಂಗರ್‌ಗೆ ಹಾಕಿಟ್ಟರೆ ಸೋಮವಾರ, ಮಂಗಳವಾರ ಬೆಳಿಗ್ಗೆ ಆ ಕೆಲಸ ತಪ್ಪುತ್ತದೆ. ಒಳಲಂಗ ಕಾಟನ್ ಇರಲಿ. ಈಗ ಬಂದಿರುವ ಬಿಗಿ ಶೇಪ್‌ವೇರ್ ಫೋಟೋಗೆ ಚೆನ್ನ, ಅದನ್ನು ಹಾಕಿ ಬಸ್ಸಿನ ಮೆಟ್ಟಿಲು ಹತ್ತಿ ನೋಡಿ ಗೊತ್ತಾಗುತ್ತೆ.

ಬೋರ್ ನೀರಲ್ಲಿ ಒಗೆದು ಒಗೆದು ಎಲ್ಲಾ ಬಟ್ಟೆ ಮಂಕಾಗಿದೆ. ಏನು ಮಾಡೋದು?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಮೂರೂ ಕಡೆ ಬೋರ್ ನೀರಿನ ಗಡಸುತನದ್ದೇ ಗೋಳು. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಬೂದು ಬಣ್ಣದ ಜಿಡ್ಡಾಗಿ ನೂಲಿನ ಒಳಗೆ ಕೂರುತ್ತದೆ. ಬಿಳಿ ಬಟ್ಟೆ ಬೂದು ಬಣ್ಣಕ್ಕೆ ತಿರುಗುವುದು, ಟವೆಲ್ ಹಪ್ಪಳದ ಹಾಗೆ ಬಿರುಸಾಗುವುದು ಇದರಿಂದಲೇ. ನೊರೆ ಬರಲಿಲ್ಲ ಎಂದು ಇನ್ನಷ್ಟು ಸೋಪು ಉಜ್ಜಿದರೆ ಜಿಡ್ಡೂ ಇನ್ನಷ್ಟು.

ಬಾರ್ ಸೋಪು ಬಿಟ್ಟು ಡಿಟರ್ಜೆಂಟ್ ಪುಡಿ ಅಥವಾ ಲಿಕ್ವಿಡ್ ಬಳಸಿ. 20 ಲೀಟರ್ ಬಕೆಟ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡ ಮೊದಲು ಕರಗಿಸಿ, ಐದು ನಿಮಿಷ ಬಿಟ್ಟು ಪುಡಿ ಹಾಕಿ. ರೇಷ್ಮೆಗೆ, ಉಣ್ಣೆಗೆ ಸೋಡ ಮುಟ್ಟಿಸಬಾರದು. ಕೊನೆಯ ಜಾಲಾಟದ ನೀರಿಗೆ ಎರಡು ಮೂರು ಚಮಚ ಬಿಳಿ ವಿನೆಗರ್ ಬೆರೆಸಿದರೆ ಬಿರುಸುತನ ಇಳಿಯುತ್ತದೆ. ಒಣಗಿದ ಮೇಲೆ ವಾಸನೆ ಉಳಿಯುವುದಿಲ್ಲ. ಮಳೆ ನೀರು ಹಿಡಿಯುವ ಮನೆಯವರು ಒಳ್ಳೆಯ ಬಟ್ಟೆಗಳಿಗೆ ಅದನ್ನೇ ಎತ್ತಿಡಿ. ಬಣ್ಣದ ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ನೆರಳಲ್ಲಿ ಒಣಹಾಕಿ.

ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುವ ಮಾತು ಮನೆಮನೆಯಲ್ಲೂ ಇದೆ. ಬಣ್ಣ ಹಾಕುವ ಹಂತದಲ್ಲಿ ಉಪ್ಪಿಗೆ ಕೆಲಸವಿದೆ. ಹಾಕಿ ಮುಗಿದ ಬಟ್ಟೆಯಲ್ಲಿ ಅದರಿಂದ ಏನೂ ಆಗುವುದಿಲ್ಲ. ಬಣ್ಣ ಬಿಡುವ ಬಟ್ಟೆಯನ್ನು ಮೂರು ನಾಲ್ಕು ಸಲ ಬೇರೆಯಾಗಿ ಒಗೆಯುವುದೊಂದೇ ದಾರಿ.

ಮಕ್ಕಳಿಂದಾಗುವ ಕಲೆಗಳಿಗೆ ಏನು ಮಾಡೋದು?

ಹಾಲು, ರಾಗಿ ಸರಿ, ಮಗು ಕಕ್ಕಿದ್ದು: ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನ್ ನೂಲಿಗೆ ಅಂಟಿಕೊಂಡು ಕೂರುತ್ತದೆ.

ಸಾಂಬಾರಿನ ಅರಿಶಿನ: ಸೋಪು ಹಾಕಿದ ಕೂಡಲೇ ಕೆಂಪಾಗುತ್ತದೆ, ಗಾಬರಿ ಬೇಡ, ಕ್ಷಾರಕ್ಕೆ ಅರಿಶಿನ ಹಾಗೇ ತಿರುಗುತ್ತದೆ. ಚೆನ್ನಾಗಿ ಜಾಲಿಸಿ ಒದ್ದೆಯಿರುವಾಗಲೇ ಕಲೆಯ ಭಾಗವನ್ನು ಬಿಸಿಲಿಗೆ ಒಡ್ಡಿ. ಎರಡು ಮೂರು ಸಲಕ್ಕೆ ಬಿಸಿಲೇ ಅದನ್ನು ತಿಂದುಹಾಕುತ್ತದೆ.

ಎಣ್ಣೆ: ನೀರು ತಾಗಿಸುವ ಮುಂಚೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಹತ್ತು ನಿಮಿಷ.

ಬಾಲ್‌ಪೆನ್ ಗೀಚು: ಕೆಳಗೆ ಹಳೇ ಬಟ್ಟೆ ಇಟ್ಟು ಸ್ಯಾನಿಟೈಸರ್‌ನಿಂದ ಒತ್ತಿ ಒತ್ತಿ ತೆಗೆಯಿರಿ. ಉಜ್ಜಿದರೆ ಹರಡುತ್ತದೆ.

ಎಳನೀರು, ಬಾಳೆಕಾಯಿ: ಆಗಿಂದಾಗಲೇ ತೊಳೆಯಿರಿ. ಒಣಗಿ ಕಂದಾದ ಮೇಲೆ ಬಹುಪಾಲು ಹೋಗುವುದಿಲ್ಲ, ತೆಂಗಿನ ಸೀಮೆಯಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ.

ಫಂಕ್ಷನ್‌ಗೆ ಎಷ್ಟು ಸೀರೆ? ಉಟ್ಟಿದ್ದೇ ಉಟ್ಟರೆ ಜನ ಏನಂತಾರೆ?

ಗೃಹಪ್ರವೇಶ, ನಾಮಕರಣ, ಮದುವೆ ಎಲ್ಲಕ್ಕೂ ಸೇರಿ 4 ಸಾಕು: ದೊಡ್ಡ ಜರಿಯ ರೇಷ್ಮೆ 1, ಸಣ್ಣ ಅಂಚಿನ ಹಗುರ ರೇಷ್ಮೆ 2, ಆರತಕ್ಷತೆಗೆ ಒಗೆಯಬಲ್ಲ ಮಿರುಗು ಸೀರೆ 1. ಎರಡು ಬೇರೆ ರವಿಕೆ ಇದ್ದರೆ ಅದೇ ಸೀರೆ ಬೇರೆಯಾಗಿಯೇ ಕಾಣುತ್ತದೆ. ಮಗುವನ್ನು ಎತ್ತಿಕೊಂಡು ಊಟದ ಪಂಕ್ತಿಗೆ ಕೂರುವವರಿಗೆ ಭಾರಿ ಜರಿ ಹಿಂಸೆ, ಹಗುರ ರೇಷ್ಮೆಗೇ ದುಡ್ಡು ಹಾಕಿ.

ನಮ್ಮ ಜಿಲ್ಲೆಯಲ್ಲೇ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆ ರೇಷ್ಮೆ ಸೀರೆ ನೇಯುವ ಊರು. ಎಲ್ಲೇ ಕೊಂಡರೂ ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಕೇಂದ್ರ ರೇಷ್ಮೆ ಮಂಡಳಿಯ ಆಸರೆಯಲ್ಲಿ 2004ರಲ್ಲಿ ಶುರುವಾದ ಗುರುತು ಅದು. ಚೀಟಿ ಇಲ್ಲದಿದ್ದರೆ ಅಂಚಿನ ನಾಲ್ಕು ಎಳೆ ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುವ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಚೀಟಿ ರೇಷ್ಮೆಗೆ ಮಾತ್ರ, ಜರಿಗೆ ಅಲ್ಲ. ಜರಿ ಬೆಳ್ಳಿಯದಾ ಎಂದು ಬೇರೆಯಾಗಿ ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ತಾಂಬೂಲದಲ್ಲಿ ಬಂದ ಬ್ಲೌಸ್ ಪೀಸ್ ಗುಡ್ಡ ಬಿದ್ದಿದೆ.

ಅಳತೆ ಮಾಡಿ. 80 ಸೆಂಟಿಮೀಟರ್‌ಗಿಂತ ಕಡಿಮೆ ಇರುವುದು ಮೈತುಂಬ ಇರುವವರಿಗೆ ರವಿಕೆಯಾಗುವುದಿಲ್ಲ. ಇದ್ದರೂ ಎಲ್ಲವೂ ಹೊಲಿಸಲು ಯೋಗ್ಯವಲ್ಲ. ಅರ್ಧಕ್ಕರ್ಧ ತೆಳು ಪಾಲಿಯೆಸ್ಟರ್. ಟೂ ಬೈ ಟೂ ರೂಬಿಯಾ ಸಿಕ್ಕರೆ ಬಿಡಬೇಡಿ, ಅದು ಒಳ್ಳೆಯ ಕಾಟನ್, ಮೇಲೆ ರವಿಕೆಗೆ ಹೇಳಿದ ನಾಲ್ಕು ಬಣ್ಣದ್ದಾದರೆ ಎತ್ತಿಡಿ. ತಿಳಿ ಬಣ್ಣದ ಕಾಟನ್ ಲೈನಿಂಗ್‌ಗೆ, ಜೇಬಿನ ಚೀಲಕ್ಕೆ ಆಯಿತು. ಬಾಕಿ ಮುಂದಿನ ವರಮಹಾಲಕ್ಷ್ಮಿಗೆ ತಾಂಬೂಲದಲ್ಲೇ ಹೊರಡಲಿ. ಕೊಟ್ಟವರಿಗೇ ವಾಪಸ್ ಹೋಗದ ಹಾಗೆ ಚೀಟಿ ಅಂಟಿಸಿಡಿ.

ಸ್ಕೂಟರ್ ಓಡಿಸುವವರು ಏನು ನೋಡಿಕೊಳ್ಳಬೇಕು?

ದುಪಟ್ಟಾ, ಸೆರಗು ಚಕ್ರಕ್ಕೆ ಸಿಕ್ಕಿದರೆ ಕತ್ತಿಗೇ ಬರುತ್ತದೆ. ದುಪಟ್ಟಾವನ್ನು ಅಡ್ಡಲಾಗಿ ಹಾಕಿ ಸೊಂಟದ ಪಕ್ಕ ಗಂಟು ಹಾಕಿ, ಅಥವಾ ಗಾಡಿ ಏರುವ ದಿನ ದುಪಟ್ಟಾ ಬೇಡದ ಗಟ್ಟಿ ಬಟ್ಟೆಯ ಕುರ್ತಾ ಹಾಕಿ. ಸೆರಗನ್ನು ಮುಂದಕ್ಕೆ ತಂದು ಸೊಂಟಕ್ಕೆ ಸಿಕ್ಕಿಸಿ ಪಿನ್ ಹಾಕಿ. ಹಿಂದೆ ಕೂರುವವರಿಗೆ ಸ್ಯಾರಿ ಗಾರ್ಡ್ ಇರಲೇಬೇಕು. ಅಗಲ ಪಲಾಝೋ ಗಾಡಿಗೆ ಆಗಿಬರುವುದಿಲ್ಲ.

ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ಮುಂದೆ ಜಿಪ್ ಇರುವ ಒಂದು ಗಾಢ ಬಣ್ಣದ ಸ್ವೆಟರ್ ಸಾಕು. ತಲೆಯಿಂದ ಹಾಕುವಂಥದು ಕೂದಲು ಕೆದರಿಸುತ್ತದೆ, ಬೆಂಗಳೂರು ತಲುಪುವಷ್ಟರಲ್ಲಿ ರೈಲಿನ ನೂಕುನುಗ್ಗಲಲ್ಲಿ ಬಿಚ್ಚಲೂ ಆಗುವುದಿಲ್ಲ.

ನೈಟಿ?

3 ಕಾಟನ್. ಗೇಟಿನವರೆಗೆ ಹೋಗಲು ಮೇಲೊಂದು ಟವೆಲ್ ಹೊದೆಯುವ ಬದಲು ಮಂಡಿ ಕೆಳಗಿನವರೆಗೆ ಬರುವ ಹಳೇ ಕುರ್ತಾ, ಪೈಜಾಮ ಮನೆಗೆ ಇಟ್ಟುಕೊಂಡರೆ ತರಕಾರಿ ಗಾಡಿ ಬಂದಾಗ ಓಡಬೇಕಾಗಿಲ್ಲ.

ಯಾವಾಗ ಕೊಂಡರೆ ಅಗ್ಗ?

ಆಷಾಢದ ಸೇಲ್. ಪ್ಯಾಂಟು, ಒಳಲಂಗ, ಪ್ಲೇನ್ ಕುರ್ತಾ ಬಟ್ಟೆಗೆ ಅದು ಒಳ್ಳೆಯ ಕಾಲ. ಏನು ಬೇಕೆಂದು ಬಣ್ಣ ಸಮೇತ ಫೋನಿನಲ್ಲಿ ಬರೆದುಕೊಂಡೇ ಹೋಗಿ, ಚೀಟಿಯಲ್ಲಿಲ್ಲದ್ದು ಅರ್ಧ ಬೆಲೆಗೆ ಸಿಕ್ಕರೂ ನಷ್ಟವೇ. ಟೈಲರ್‌ಗೆ ಅದೇ ತಿಂಗಳು ಕೊಟ್ಟುಬಿಡಿ. ಶ್ರಾವಣ ಹುಟ್ಟಿದರೆ ವರಮಹಾಲಕ್ಷ್ಮಿ, ಗೌರಿ ಹಬ್ಬದ ರವಿಕೆಗಳ ರಾಶಿಯಲ್ಲಿ ನಿಮ್ಮ ಕುರ್ತಾ ಕೆಳಗೆ ಬೀಳುತ್ತದೆ.

ನುಸಿಗುಳಿಗೆ ಹಾಕಬಹುದಾ?

ರೇಷ್ಮೆಗೆ ನೇರವಾಗಿ ತಾಗಬಾರದು, ಜರಿ ಕಪ್ಪಾಗುತ್ತದೆ. ಹಳೇ ಬಿಳಿ ಪಂಚೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ ಇಡಿ. ಕೂಸಿನ ಬಟ್ಟೆ, ಹೊದಿಕೆ ಇರುವ ಖಾನೆಗೆ ಮಾತ್ರ ನ್ಯಾಫ್ತಲೀನ್ ಗುಳಿಗೆ ಹಾಕಲೇಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಿಗೆ ಅದರ ಆವಿಯಿಂದ ರಕ್ತಕಣ ಒಡೆದು ಕಾಮಾಲೆ ಏರುತ್ತದೆ, ಕೊರತೆ ಇದೆಯೆಂದು ಮುಂಚೆ ಗೊತ್ತೂ ಇರುವುದಿಲ್ಲ. ಅಲ್ಲಿ ಒಣಗಿದ ಬೇವಿನ ಸೊಪ್ಪು ಬಟ್ಟೆಗಂಟಿನಲ್ಲಿ ಕಟ್ಟಿಟ್ಟರೆ ಸಾಕು.

ತೆಗೆದ ಹಳೇ ಬಟ್ಟೆ ಏನು ಮಾಡೋದು?

ಮೆತ್ತಗಾದ ಕಾಟನ್ ಸೀರೆ ಮಗುವಿನ ಜೋಲಿಗೆ, ಹಾಸಿಗೆಗೆ. ಕುರ್ತಾದ ಗುಂಡಿ, ಜಿಪ್, ಹುಕ್ ಬಿಚ್ಚಿಟ್ಟುಕೊಂಡು ಬಾಕಿಯನ್ನು ಒರೆಸುವ ಬಟ್ಟೆ ಮಾಡಿ. ಪಾಲಿಯೆಸ್ಟರ್ ನೀರು ಹಿಡಿಯುವುದಕ್ಕೆ ಕಾಟನ್‌ನಷ್ಟು ಆಗುವುದಿಲ್ಲ. ಹಾಕಲು ಯೋಗ್ಯವಾದದ್ದನ್ನು ಒಗೆದು, ಹುಕ್ ಹಾಕಿಸಿ ಕೊಡಿ. ಹರಿದ ಜರಿ ಸೀರೆಯನ್ನು ಪಾತ್ರೆಯವರಿಗೆ ಒಂದು ಸ್ಟೀಲ್ ಬೇಸಿನ್‌ಗೆ ಕೊಟ್ಟುಬಿಡಬೇಡಿ. ಅಜ್ಜಿ ಕಾಲದ್ದಾದರೆ ಬೆಳ್ಳಿ ಜರಿ ಇರುವ ಸಾಧ್ಯತೆ ಇದೆ, ಹಳೇ ಜರಿ ಕೊಳ್ಳುವ ಇಬ್ಬರ ಹತ್ತಿರವಾದರೂ ಬೆಲೆ ಕೇಳಿ ಆಮೇಲೆ ಮಾರಿ.